ಶುಕ್ರವಾರದ ಆಟದ ಪೀರಿಯಡ್

ಗಣಿತದವರು ಬಿಟ್ಟುಕೊಟ್ಟರೆ ಮಾತ್ರ ದೈಹಿಕ ಶಿಕ್ಷಕನಿಗೆ ಪೀರಿಯಡ್. ಆಳಂದದಿಂದ ವರ್ಗವಾಗಿ ಅಫಜಲಪುರದ ಕಡೆಯ ಹೈಸ್ಕೂಲಿಗೆ ಬಂದ ಮೊದಲ ವಾರವೇ ನನಗಿದು ತಿಳಿಯಿತು. ಶುಕ್ರವಾರ ಕೊನೆಯ ಪೀರಿಯಡ್ ಒಂಬತ್ತನೇ ಕ್ಲಾಸಿಗೆ ಆಟ. ನಾನು ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಗಣಿತದ ಮಾಸ್ತರರು ಬಾಗಿಲಲ್ಲಿ ಹಾಜರ್.

“ಪೋರ್ಷನ್ ಉಳದದರಿ ಸರ. ಇದೊಂದ್ ವಾರ ಕೊಡ್ರಿ.”

ಆ ‘ಇದೊಂದ್ ವಾರ’ ಮುಗಿಯಲೇ ಇಲ್ಲ. ಹೆಡ್ ಮೇಡಂ ಬಳಿ ಹೋಗಿ ಜಗಳಾಡಿದೆ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ಅವರದೂ ಖರೇ ಅದ, ನಿಮ್ಮದೂ ಖರೇ ಅದ. ಓಡಿದ್ರ ಏನ್ ಲಾಭ ತೋರಸ್ರಿ, ಪೀರಿಯಡ್ ಖಾಯಂ ನಿಮಗ.”

ತೋರಿಸ್ತೇನೆ ತಡಿ, ಅಂದುಕೊಂಡೆ. ಸಿಟ್ಟು ಬಂದರೆ ನನಗೆ ಊಟ ಸೇರುವುದಿಲ್ಲ. ದಾನಿಯೊಬ್ಬರ ಬೆನ್ನು ಹತ್ತಿ, ಎದೆಬಡಿತ ಅಳೆಯುವ ಕೈಪಟ್ಟಿಗಳನ್ನೂ ಒಂದು ಟ್ಯಾಬನ್ನೂ ತರಿಸಿದೆ. ಎದೆ ಸುಮ್ಮನಿದ್ದರೆ ಪರದೆಯ ಮೇಲೆ ಹುಡುಗರ ಹೆಸರು ಹಸಿರು, ಜೋರಾಗಿ ಬಡಿದರೆ, ಅಂದರೆ ವ್ಯಾಯಾಮ ಆದರೆ, ಕೆಂಪು.

ಮಕ್ಕಳಿಗೆ ಕೈಪಟ್ಟಿ ಕಟ್ಟಿ ಓಡಿಸಿ ತೋರಿಸುವ ದಿನ ಮೇಡಂ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಟ್ಯಾಬ್ ಹಿಡಿದು ಕುಳಿತರು. ಮಕ್ಕಳು ಮೈದಾನ ಸುತ್ತಿದರು. ಒಂದೆರಡು ಹೆಸರು ಹಳದಿಗೆ ತಿರುಗಿದವು, ಅಷ್ಟೇ. ಊರಾಚೆಯ ಹೊಲಗಳಿಂದ ದಿನಾ ಶಾಲೆಗೆ ನಡೆದು ಬರುವ ಮಕ್ಕಳಿಗೆ ನನ್ನ ಎರಡು ಸುತ್ತು ಯಾವ ಲೆಕ್ಕ? “ಓಡ್ರಲೇ, ರೊಟ್ಟಿ ತಿಂದಿಲ್ಲೇನು!” ಎಂದು ಅರಚುತ್ತ ಅವರ ಹಿಂದೆ ನಾನೂ ಓಡಿದೆ. ಕೆಂಪಾದದ್ದು ನನ್ನ ಮುಖ ಒಂದೇ.

ಸೋತು ಎಲ್ಲರನ್ನೂ ನೆರಳಲ್ಲಿ ಕೂಡಿಸಿದೆ. ಹೆಸರುಗಳೆಲ್ಲ ಹಸಿರಾದವು. ಅಷ್ಟರಲ್ಲಿ ಏನು ನಡೆದಿದೆ ನೋಡೋಣವೆಂದು ಗಣಿತದ ಮಾಸ್ತರರು ಚಾಕ್‌ಪೀಸ್ ಹಿಡಿದೇ ಬಂದು ನಿಂತರು. ಒಂದು ಮಾತೂ ಆಡಲಿಲ್ಲ. ಟ್ಯಾಬ್ ಮೇಲಿಂದ ಕೆಳಗಿನವರೆಗೂ ಕೆಂಪಾಯಿತು.

ಮೇಡಂಗೆ ಖುಷಿಯೋ ಖುಷಿ. “ಅಯ್ಯಯ್ಯ! ಇವ್ರು ಬಂದು ನಿಂತ್ರೇ ವ್ಯಾಯಾಮ ಆಗಾಕತ್ತದಲ್ರಿ! ಬಿಸಲಾಗ ಯಾಕ ಓಡಸ್ಬೇಕು? ಆಟದ ಪೀರಿಯಡ್ ಇವ್ರಿಗೇ ಇರ್ಲಿ.”

ಮಾಡಿದ್ದುಣ್ಣೋ ಮಹಾರಾಯ! ನಾನೇ ಕಾಡಿ ಬೇಡಿ ತರಿಸಿದ ಯಂತ್ರ, ನನ್ನ ಪೀರಿಯಡ್ಡನ್ನೇ ನುಂಗಿತು. ಅದನ್ನು ಬಾವಿಗೆ ಎಸೆದು ಬರಬೇಕೆನ್ನಿಸಿತು.

ಗಣಿತದ ಮಾಸ್ತರರು ಮಾತ್ರ ನಗಲಿಲ್ಲ. ಟ್ಯಾಬ್ ಇಸಿದುಕೊಂಡು ಒಂದೊಂದೇ ಹೆಸರು ಓದಿದರು.

“ನಾ ಹೊಡಿಯಂಗಿಲ್ಲ, ಬಡಿಯಂಗಿಲ್ಲರಿ ಸರ,” ಎಂದರು ನನಗೆ. “ಮತ್ಯಾಕಿದು?”

ವರ್ಷವಿಡೀ ಸಾಕಿಕೊಂಡ ಸಿಟ್ಟೆಲ್ಲ ಇಳಿದು, ಆ ಮನುಷ್ಯನ ಬಗ್ಗೆ ಪಾಪ ಅನ್ನಿಸಿತು.

ಮುಂದಿನ ಶುಕ್ರವಾರ ಅವರು ಕ್ಲಾಸಿಗೆ ಹೋಗದೆ ನನ್ನ ಬಳಿ ಬಂದರು.

“ಪೀರಿಯಡ್ ನಿಮ್ಮದೇರಿ, ಮೇಡಂಗ ಹೇಳಿ ಬಂದೇನಿ. ಇನ್ನ ಕೇಳಂಗಿಲ್ಲ. ಆದ್ರ ಸೋಮವಾರ ನನ್ನ ಕ್ಲಾಸಿಗೆ ಆ ಕೈಪಟ್ಟಿ ಕೊಡ್ರಿ. ನಾ ಏನ್ ಮಾಡಿದ್ರ ಹುಡುಗ್ರು ಹಸಿರಾಗ್ತಾರ, ನೋಡ್ಬೇಕಾಗ್ಯಾದ.”