ಮುರುಗೇಶಪ್ಪನವರ ಜಾತಕದ ಪುಸ್ತಕ

ಮುರುಗೇಶಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದರು. ನರೆತ ಮೀಸೆ, ಹೆಗಲ ಮೇಲೆ ಟವಲು, ಪಕ್ಕದಲ್ಲಿ ಆರಿಹೋದ ಟೀ. ಹಿರಿಯೂರಿನ ಬಸ್ ಸ್ಟ್ಯಾಂಡ್ ಹಿಂದಿದ್ದ ಆ ರಿಪೇರಿ ಅಂಗಡಿಯ ಬಾಗಿಲಲ್ಲಿ, ಕಂಪ್ಯೂಟರಿನ ಡಬ್ಬ ಹೊತ್ತುಕೊಂಡು ನಾನು ಐದು ನಿಮಿಷ ನಿಂತೆ. ಅವರು ತಿರುಗಿಯೂ ನೋಡಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಗಿರಾಕಿ ಬಂದ್ರೂ ಆಟ ಬಿಡಲ್ವಲ್ರೀ!” ಎಂದು ರೇಗಿದೆ.

“ಆಟ ಅಲ್ಲಮ್ಮ, ಪರೀಕ್ಷೆ. ಒಂದು ಸುತ್ತು ಮುಗೀಲಿ, ಕುಂತ್ಕಳ್ರಿ” ಎಂದರು.

ನಿಜಕ್ಕೂ ಅದು ಪರೀಕ್ಷೆಯೇ. ಕಂಪ್ಯೂಟರಿನೊಳಗೆ ಚಿತ್ರ ಮೂಡಿಸಿ ತೆರೆಗೆ ಕಳಿಸುವ ಹಲಗೆಗೆ ಗ್ರಾಫಿಕ್ಸ್ ಕಾರ್ಡ್ ಅನ್ನುತ್ತಾರೆ. ಅಂಗಡಿಗೆ ಬಂದ ಒಂದೊಂದು ಕಾರ್ಡನ್ನೂ ಅವರು ಒಂದೇ ಕಂಪ್ಯೂಟರಿಗೆ ಹಾಕಿ, ಒಂದೇ ರಸ್ತೆಯಲ್ಲಿ, ಅದೇ ಕೆಂಪು ಕಾರನ್ನು ಒಂದು ಸುತ್ತು ಓಡಿಸುತ್ತಿದ್ದರು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂಬ ಅಂಕಿ ತೆರೆಯ ಮೂಲೆಯಲ್ಲಿ ಏರಿಳಿಯುತ್ತಿತ್ತು. ಕಡೇ ತಿರುವಿನಲ್ಲಿ ಅದು ಎಲ್ಲಿಗೆ ಇಳಿಯಿತೋ ಅದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಕ್ಕೆ ಅವರಿಟ್ಟ ಹೆಸರು ಜಾತಕ.

ಎಂಬತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರು. ಮೊದಮೊದಲು ಡಬ್ಬದ ಮೇಲಿನ ನಂಬರು ನಂಬಿ ಒಬ್ಬರಿಗೆ ಕಾರ್ಡು ಕೊಟ್ಟು, ಅದು ಹಳೆಯದಕ್ಕಿಂತ ನಿಧಾನವಾಗಿ, ಬೀದಿಯಲ್ಲಿ ನಿಂತು ಬೈಸಿಕೊಂಡಿದ್ದರಂತೆ. ಅವತ್ತಿನಿಂದ ಈ ಪುಸ್ತಕ. ತೊಂಬತ್ತೆಂಟರ ಎಂಟು ಎಂಬಿ ಮೆಮೊರಿಯ ಕಾರ್ಡು, ತಿರುವಿನಲ್ಲಿ ಒಂಬತ್ತು. ಎರಡು ಸಾವಿರನೇ ಇಸವಿಯ ಮೂವತ್ತೆರಡು ಎಂಬಿ ಕಾರ್ಡು, ಹತ್ತೊಂಬತ್ತು. ಹೀಗೇ ಪುಟಗಟ್ಟಲೆ.

ನಾನು ಉಷಾರಾಣಿ. ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷ ಚಿತ್ರದುರ್ಗದ ಒಬ್ಬ ಇಂಜಿನಿಯರ್ ಬಳಿ ನಕ್ಷೆ ಬರೆದವಳು. ಬರೆಯುವುದು ನಾನು, ಸಹಿ ಅವರದು. ಸಾಕಾಗಿ 2004ರಲ್ಲಿ ಹಿರಿಯೂರಿನಲ್ಲಿ ಒಂದು ಕೋಣೆಯ ಸ್ವಂತ ಆಫೀಸು ತೆರೆದೆ. ಎಂಟು ತಿಂಗಳಾದರೂ ದೊಡ್ಡ ಕೆಲಸ ಒಂದೂ ಸಿಗಲಿಲ್ಲ. ಆಗ ಆದಿವಾಲದ ಗೋವಿಂದಪ್ಪ ಎಂಬುವರು ಕಲ್ಯಾಣ ಮಂಟಪ ಕಟ್ಟಿಸುತ್ತೇನೆಂದು ಬಂದರು. ದಾವಣಗೆರೆಯವರೊಬ್ಬರಿಗೂ ನಕ್ಷೆ ಬರೆಯಲು ಹೇಳಿದ್ದರು. “ವಿಜಯದಶಮಿ ದಿನ ಹತ್ತು ಗಂಟೆಗೆ ಬರ್ತೀನಿ. ಕಟ್ಟಡದೊಳಗೆ ನಡೆದಾಡ್ದಂಗೆ ತೋರಿಸ್ಬೇಕು. ಒಪ್ಪಿಗೆಯಾದ್ರೆ ಅವತ್ತೇ ಶುರು” ಎಂದರು. ಈ ಕೆಲಸ ತಪ್ಪಿದರೆ ಆಫೀಸಿಗೆ ಬೀಗ ಹಾಕಿ, ಮತ್ತೆ ಆ ಇಂಜಿನಿಯರ್ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು.

ಅದಕ್ಕೇ ಬೇರೆ ಅಂಗಡಿಯಿಂದ ಹೊಸ ಕಾರ್ಡು ತಂದು ಹಾಕಿಕೊಂಡಿದ್ದೆ. ಅದರ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 128 ಎಂಬಿ ಎಂದಿತ್ತು. ಆದರೆ ನಾನು ಕಂಪ್ಯೂಟರಿನಲ್ಲಿ ಬರೆದ ಮಂಟಪದಲ್ಲಿ ನಡೆಯುತ್ತ ಊಟದ ಹಾಲಿಗೆ ತಿರುಗಿದರೆ ಸಾಕು, ತೆರೆ ತೊದಲುತ್ತಿತ್ತು.

ಮುರುಗೇಶಪ್ಪ ಅದನ್ನು ಒಂದು ಸುತ್ತು ಓಡಿಸಿದರು. ತಿರುವಿನಲ್ಲಿ ಇಪ್ಪತ್ತೆರಡು. ಆಮೇಲೆ ಕಪಾಟಿನಿಂದ ಎರಡು ವರ್ಷ ಹಳೆಯ 64 ಎಂಬಿ ಕಾರ್ಡೊಂದನ್ನು ತೆಗೆದು ಹಾಕಿದರು. ಮೂವತ್ತೇಳು!

“ಇದೇನಣ್ಣ, ಅರ್ಧ ಮೆಮೊರಿ ಇರೋದು ಜೋರಾಗಿ ಓಡ್ತಲ್ಲ?”

“ನಿಂದು ಟ್ಯಾಂಕು ದೊಡ್ಡದು, ಪೈಪು ಸಣ್ಣದು. ಒಂದೇ ಸಲಕ್ಕೆ ಅರವತ್ನಾಲ್ಕು ಬಿಟ್ ಅಷ್ಟೇ ಹಾಯ್ತಾವೆ. ಈ ಹಳೇದ್ರಾಗೆ ನೂರಿಪ್ಪತ್ತೆಂಟು. ಡಬ್ಬದ ಮೇಲೆ ಟ್ಯಾಂಕು ಬರೀತಾರೆ, ಪೈಪು ಯಾರು ಬರೀತಾರೆ?”

ಹೊಸದನ್ನು ತಂದ ಅಂಗಡಿಗೇ ವಾಪಸ್ ಕೊಟ್ಟೆ. ಮುರುಗೇಶಪ್ಪನವರಿಂದ ಕೊಂಡ ಹಳೆಯದರಲ್ಲಿ ನನ್ನ ಮಂಟಪ ನೀರು ಕುಡಿದ ಹಾಗೆ ಸಲೀಸಾಗಿ ತಿರುಗಿತು.

ಆಯುಧ ಪೂಜೆಯ ದಿನ ನನಗೆ ಭಕ್ತಿ ಉಕ್ಕಿತು. ಮಾನಿಟರಿಗೆ ಹಾರ ಹಾಕಿದೆ, ಕೀಬೋರ್ಡಿಗೆ ಹೂವಿಟ್ಟೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ನಿಜವಾದ ಆಯುಧ ಒಳಗಿದೆಯಲ್ಲ ಎಂದು ಡಬ್ಬ ಬಿಚ್ಚಿ ಕಾರ್ಡನ್ನು ಹೊರತೆಗೆದು ತಟ್ಟೆಯಲ್ಲಿಟ್ಟೆ. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲಿತ್ತು. ಲಕ್ಷಣವಾಗಿ ಕಂಡದ್ದು ಅದೇ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ಸಾಲಾಗಿ ಹಚ್ಚಿ, ಕೈಮುಗಿದು, ಮತ್ತೆ ಒಳಗೆ ಸಿಕ್ಕಿಸಿದೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಎಂಟೂವರೆಗೆ ಸ್ವಿಚ್ ಒತ್ತಿದರೆ ತೆರೆ ಕಪ್ಪು! ಒಳಗಿಂದ ಕೀಂ ಕೀಂ ಎಂದು ಕೂಗು. ಹಬ್ಬದ ದಿನ ಯಾವ ಅಂಗಡಿಯೂ ತೆಗೆದಿರಲಿಲ್ಲ. ಮುರುಗೇಶಪ್ಪನವರ ಮನೆಗೆ ಫೋನ್ ಮಾಡಿ ಕಿರುಚಿದೆ.

“ನಿಮ್ಮ ಹಳೇ ಕಾರ್ಡು ಕೈ ಕೊಡ್ತು! ಜಾತಕವಂತೆ ಜಾತಕ! ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!”

“ಬೈಯೋದು ಆಮೇಲೆ ಉಷಮ್ಮ. ಹೆಂಗೆ ಕೂಗ್ತೈತೆ, ರಿಸೀವರ್ ಹತ್ರ ಹಿಡಿ.”

ಹಿಡಿದೆ. ಒಂದು ಉದ್ದ, ಎರಡು ಗಿಡ್ಡ.

“ಕಾರ್ಡು ಕಾಣ್ತಿಲ್ಲ ಅಂತ ಕೂಗ್ತೈತೆ. ಸತ್ತೈತೆ ಅಂತ ಅಲ್ಲ. ಬಂದೆ ಇರು.”

ಒಂಬತ್ತೂಕಾಲಿಗೆ ಅವರ ಮೊಪೆಡ್ ಬಂತು. ಹಣೆಯ ವಿಭೂತಿ ಇನ್ನೂ ಹಸಿ. ಕಾರ್ಡು ಕಿತ್ತು, ಬೆಳಕಿಗೆ ಹಿಡಿದು, ಮೂಸಿ ನೋಡಿದರು.

“ಇದಕ್ಕೇನು ಮಾಡಿದ್ದೆ?”

“ಪೂಜೆ” ಎಂದೆ ಸಣ್ಣ ದನಿಯಲ್ಲಿ.

ಅವರು ಗೋಡೆ ಹಿಡಿದುಕೊಂಡು ನಕ್ಕರು. “ಲೇ ತಾಯಿ, ಕಾರ್ಡಿನ ಮೇಲೆ ಹಲ್ಲಿ ಮೊಟ್ಟೆ ಇಟ್ಟಿದ್ದು ನೋಡೀನಿ. ಕುಂಕುಮ ಇಟ್ಟಿದ್ದು ಇದೇ ಮೊದ್ಲು! ಆ ಹಲ್ಲಿನಿಂದ್ಲೇ ಅದು ಮಾತಾಡೋದು, ಅದರ ಬಾಯೇ ಮುಚ್ಚಿದೀಯಲ್ಲ! ನಕ್ಷೆ ಅಳಿಸೋ ರಬ್ಬರು ಐತಾ?”

ಇತ್ತು. ಇಂಜಿನಿಯರ್ ಆಫೀಸಿನಿಂದ ನಾನು ತಂದುಕೊಂಡಿದ್ದ, ಸವೆದು ಹೆಬ್ಬೆರಳಿನಷ್ಟಾಗಿದ್ದ ರಬ್ಬರು. ಅದರಿಂದ ಒಂದೊಂದೇ ಹಲ್ಲನ್ನು ಮೆತ್ತಗೆ ಉಜ್ಜಿದರು. ಕೆಂಪು ಪುಡಿ ಉದುರಿ ಚಿನ್ನದ ಬಣ್ಣ ಕಂಡಿತು. ಸಿಕ್ಕಿಸುವ ಸಂದಿಯನ್ನೂ ಬ್ರಶ್ಶಿನಿಂದ ಗುಡಿಸಿ, ಕಾರ್ಡು ಕೂರಿಸಿ, ಸ್ವಿಚ್ ಒತ್ತಿದರು.

ಒಂದೇ ಒಂದು ಗಿಡ್ಡ ಕೂಗು. ತೆರೆ ಬೆಳಗಿತು. ಅಬ್ಬಾ! ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೇಬಿಟ್ಟೆ. “ಬೈದದ್ದಕ್ಕೆ ತಪ್ಪಾಯ್ತಣ್ಣ” ಎಂದೆ. “ಅದು ಜಾತಕದಾಗೆ ಬರಿಯಾದಿಲ್ಲ ಬಿಡು” ಎಂದರು.

ಗೋವಿಂದಪ್ಪ ಹತ್ತಕ್ಕೆ ಸರಿಯಾಗಿ ಬಂದರು. ಬಾಗಿಲು, ಪಡಸಾಲೆ, ಧಾರೆಯ ಮಂಟಪ, ಎಲ್ಲಾ ತೋರಿಸಿದೆ. ಊಟದ ಹಾಲಿನ ತಿರುವು ಬಂತು. ಚಿತ್ರ ತೊದಲಲಿಲ್ಲ.

“ಕೈ ತೊಳೆಯೋದು ಎಲ್ಲಮ್ಮ?” ಎಂದರು. ಎಡಕ್ಕೆ ತಿರುಗಿಸಿ ನಲ್ಲಿಗಳ ಸಾಲು ತೋರಿಸಿದೆ. ಅವರು ತೆರೆಯ ಮೇಲೆ ಬೆರಳಿಟ್ಟು ನಲ್ಲಿಗಳನ್ನು ಎಣಿಸಿದರು.

“ನಕ್ಷೆಗೆ ಸಹಿ ಯಾರು ಹಾಕಾದು?”

“ನಾನೇ.”

“ಹಂಗಾದ್ರೆ ಹಾಕು ಮತ್ತೆ. ಕೆಲಸ ನಿಂದೇ.”

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮುರುಗೇಶಪ್ಪ ಟವಲಿನಿಂದ ಮುಖ ಒರೆಸಿಕೊಂಡರು. ಸಂಜೆ ನಾನು ಸಿಹಿ ಹಿಡಿದು ಅವರ ಮನೆಗೆ ಹೋದಾಗ ಪುಸ್ತಕ ತೆಗೆದು ತೋರಿಸಿದರು. ಆ ಕಾರ್ಡಿನ ಸಾಲಿನಲ್ಲಿ, ಮೂವತ್ತೇಳರ ಪಕ್ಕ, ಹೊಸದಾಗಿ ಬರೆದಿದ್ದರು: ಕುಂಕುಮ ತಾಳುವುದಿಲ್ಲ.

ಈಗಲೂ ಪ್ರತಿ ವರ್ಷ ಆಯುಧ ಪೂಜೆ ಮಾಡುತ್ತೇನೆ. ಕಂಪ್ಯೂಟರಿನ ಡಬ್ಬ ಬಿಚ್ಚುವುದಿಲ್ಲ. ನನ್ನ ಸಹಿಯ ಪೆನ್ನಿನ ಪಕ್ಕದಲ್ಲಿ ಆ ಸವೆದ ರಬ್ಬರನ್ನಿಟ್ಟು, ಮೊದಲ ಕುಂಕುಮ ಅದಕ್ಕೇ ಹಚ್ಚುತ್ತೇನೆ.