ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ವಿದ್ಯುತ್ ಮಗ್ಗವಿಲ್ಲದ ಕಟ್ಟಡ ಅಂತ ಇದ್ದದ್ದು ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದೇ. ಹಾಗಂತ ಅಲ್ಲೇನೂ ನೆಮ್ಮದಿ ಇರಲಿಲ್ಲ. ಹದಿನಾಲ್ಕು ಟೈಪ್‌ರೈಟರುಗಳು ಬೆಳಗ್ಗೆ ಆರಕ್ಕೇ ಶುರುವಾಗುತ್ತಿದ್ದವು. ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತಾ ಸದ್ದು ಕೇಳಿಯೇ ಯಾರು ತಪ್ಪು ಹೊಡೆದರು ಅಂತ ಹೇಳಿಬಿಡುತ್ತಿದ್ದರು. ಅಲ್ಲಿ ರಬ್ಬರು ತರುವ ಹಾಗಿಲ್ಲ, ತಪ್ಪಿನ ಮೇಲೆ ತಿದ್ದಿ ಹೊಡೆಯುವ ಹಾಗಿಲ್ಲ. ತಪ್ಪಾದರೆ ಅದೇ ಸಾಲನ್ನು ಕೆಳಗೆ ಹತ್ತು ಸಲ ಹೊಡೆಯಬೇಕು. ನಾನು ಅಲ್ಲಿ ಕಲಿಯುವಾಗ ಹೊಡೆದ ಸಾಲುಗಳಲ್ಲಿ ಅರ್ಧಕ್ಕರ್ಧ ಈ ಶಿಕ್ಷೆಯ ಸಾಲುಗಳೇ. ಮುಂದೆ ಸೀನಿಯರ್ ಪರೀಕ್ಷೆ ಪಾಸಾಗಿ, ಬೆಳಗ್ಗೆ ಅಲ್ಲೇ ಕಲಿಸುತ್ತಾ, ಹಗಲು ಸೀರೆ ಡಿಸೈನ್ ಅಂಗಡಿಯ ಕಂಪ್ಯೂಟರಿನಲ್ಲಿ ಅಂಚು ಸೆರಗು ಬಿಡಿಸುತ್ತಾ ಇದ್ದೆ.

ತೊಂಬತ್ತರ ದಶಕದ ಕೊನೆಗೆ ಬಂದಾಗ ಟೈಪಿಂಗಿಗೆ ಬರುವವರೇ ಇಲ್ಲವಾದರು. ಕಟ್ಟಡದ ಮಾಲೀಕರು ಒಳ್ಳೆಯವರೇ, ಆದರೆ ಅವರಿಗೂ ಮಗ್ಗ ಹಾಕುವ ಆಸೆ. "ಹೊಸ ಬ್ಯಾಚ್ ಆದ್ರೆ ಇಟ್ಕೊಳಿ ಮೇಷ್ಟ್ರೇ, ಇಲ್ಲಾಂದ್ರೆ ನಾನು ಮಗ್ಗ ಇಳಿಸ್ತೀನಿ" ಅಂದರು. ಆರು ಹುಡುಗಿಯರು ಬರಲು ಒಪ್ಪಿದ್ದರು, ಕಂಪ್ಯೂಟರ್ ಇದ್ದರೆ ಮಾತ್ರ. ಅವರು ಬರಬೇಕಾದದ್ದು ಸೋಮವಾರ. ಆ ಸೋಮವಾರದ ಮೇಲೆ ಮೇಷ್ಟ್ರ ಇಪ್ಪತ್ತೈದು ವರ್ಷದ ಬದುಕು ನಿಂತಿತ್ತು.

ಮೇಷ್ಟ್ರ ತಮ್ಮ, ಬೆಂಗಳೂರಿನ ಒಂದು ಆಫೀಸಿನವರು ಬಿಸಾಡಿದ್ದ ಮೂರು ಹಳೇ ಕಂಪ್ಯೂಟರುಗಳನ್ನು ತಂದುಕೊಟ್ಟಿದ್ದರು. 386 ಅನ್ನುವ ಕಾಲದವು. ಹಾರ್ಡ್ ಡಿಸ್ಕ್ ಮೂರರಲ್ಲೂ ಇಲ್ಲ. ಏನಿದ್ದರೂ ಒಂದು ಫ್ಲಾಪಿಯಿಂದಲೇ ಎದ್ದು ಕೂರಬೇಕು. ಊರಲ್ಲಿ ಎಲ್ಲರೂ ಮಾಡುವಂತೆ ಯಾರದೋ ಸಾಫ್ಟ್‌ವೇರ್ ಕಾಪಿ ಹೊಡೆದುಕೊಳ್ಳೋಣ ಅಂದರೆ ಮೇಷ್ಟ್ರು ಕೆಂಡವಾದರು. "ಕದ್ದ ಮಾಲು ನನ್ನ ಇನ್‌ಸ್ಟಿಟ್ಯೂಟಿಗೆ ಬೇಡಮ್ಮ." ಹಾಗಾಗಿ ಒಂದು ಪತ್ರಿಕೆಯ ಜೊತೆ ಬಂದಿದ್ದ ಲಿನಕ್ಸ್ ಸೀಡಿಗೆ ಕೈಹಾಕಿದೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಬೇಡದ್ದನ್ನು ಕಿತ್ತುಹಾಕಿ ತಮಗೆ ಬೇಕಾದಷ್ಟೇ ಕಟ್ಟಿಕೊಳ್ಳಬಹುದು. ಸೀಡಿಯಲ್ಲಿದ್ದ ಮಾದರಿಯನ್ನು ಒಂದು ಫ್ಲಾಪಿಗಿಳಿಸಿ ಹಾಕಿ ನೋಡಿದರೆ ಮೂರೂ ಕಂಪ್ಯೂಟರುಗಳು ಚೆನ್ನಾಗಿಯೇ ಎದ್ದವು. ಆದರೆ ಅದರಲ್ಲಿ ಟೈಪ್ ಮಾಡುವ ಪ್ರೋಗ್ರಾಮಿಗೆ ಜಾಗವೇ ಇರಲಿಲ್ಲ.

ಕಟ್ಟುವ ಕೆಲಸಕ್ಕೆ ಸೀಡಿಯಲ್ಲೇ ಒಂದು ಸಾಧನವಿತ್ತು. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ: ಇದು ಬೇಕೇ, ಅದು ಬೇಕೇ? ನಾವು ಹೌದು, ಇಲ್ಲ ಅನ್ನುತ್ತಾ ಹೋಗಬೇಕು. ಹೆಣ್ಣು ನೋಡಲು ಬಂದ ಗಂಡಿನ ತಾಯಿಯೂ ಅಷ್ಟು ಪ್ರಶ್ನೆ ಕೇಳಿರಲಾರಳು. ನಾನು ಪ್ರಶ್ನೆಗಳ ಪಟ್ಟಿಯನ್ನು ಮೇಷ್ಟ್ರ ಮುಂದೆ ಓದುತ್ತಿದ್ದೆ, ಅವರು ಕಣ್ಣುಮುಚ್ಚಿ ತೀರ್ಪು ಕೊಡುತ್ತಿದ್ದರು.

"ಸೌಂಡ್ ಬೇಕಾ ಸಾರ್?"

"ಬೀದೀಲಿರೋ ಸೌಂಡ್ ಸಾಲ್ದಾ? ತೆಗಿ."

"ದಶಾಂಶದ ಲೆಕ್ಕ ಮಾಡೋಕೆ ಒಂದು ಭಾಗ ಇದೆ ಸಾರ್."

"ಟೈಪಿಂಗಲ್ಲಿ ದಶಾಂಶ ಎಲ್ಲಿಂದ ಬಂತು? ತೆಗಿ."

ನನಗೂ ಸರಿಯೆನಿಸಿತು, ತೆಗೆದೆ. ಕೊನೆಗೆ ಕೀಲಿಮಣೆಯ ವಿಷಯ ಬಂತು. ತಪ್ಪಾದರೆ ಅಳಿಸುವ ಕೀ ಒಂದಿದೆ ಅಂದೆ. ಮೇಷ್ಟ್ರು ಕಣ್ಣು ಬಿಟ್ಟರು.

"ಅಳಿಸೋದಾ? ಹಂಗಾದ್ರೆ ಕಲಿಯೋದು ಯಾವಾಗ? ಮೊದಲು ಅದನ್ನ ತೆಗಿ!"

ಅದನ್ನೂ ತೆಗೆದೆ. ಒತ್ತಿದರೆ ಏನೂ ಆಗದಂತೆ ಮಾಡಿದೆ.

ಡಿಸೈನ್ ಅಂಗಡಿಯಲ್ಲಿದ್ದ, 386ಕ್ಕಿಂತ ಹೊಸದಾದ 486 ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ, ಕರೆಂಟು ಹೋಗದಿರಲಿ ಅಂತ ಹರಕೆ ಹೊತ್ತು ಕಟ್ಟಿದೆ. ಅಲ್ಲೇ ಹಾಕಿ ನೋಡಿದೆ. ಎದ್ದಿತು! ಒಬ್ಬಳೇ ಕೂತು ನಕ್ಕುಬಿಟ್ಟೆ. ನನ್ನ ಸೊಕ್ಕು ನೋಡಬೇಕಿತ್ತು. ಶನಿವಾರ ಬೆಳಗ್ಗೆ ಫ್ಲಾಪಿಯನ್ನು ಸೀರೆಯ ಡಬ್ಬಿಯಲ್ಲಿಟ್ಟುಕೊಂಡು ಇನ್‌ಸ್ಟಿಟ್ಯೂಟಿಗೆ ಹೋದೆ. ಮೇಷ್ಟ್ರು ಜಾಗಕ್ಕಾಗಿ ಹನ್ನೊಂದು ಟೈಪ್‌ರೈಟರುಗಳನ್ನು ಆಗಲೇ ಕೊಟ್ಟುಬಿಟ್ಟಿದ್ದರು. ಹಳೇ ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು.

ಫ್ಲಾಪಿ ಗರಗರ ಅಂದಿತು. ನಾಲ್ಕು ಸಾಲು ಬಂತು. ಲೆಕ್ಕದ ಚಿಪ್ ಸಿಕ್ಕಲಿಲ್ಲ, ಕೈಬಿಟ್ಟಿದ್ದೇನೆ ಅಂತ ಇಂಗ್ಲಿಷಿನಲ್ಲಿ ತೋರಿಸಿ ನಿಂತಿತು. ಮೂರರಲ್ಲೂ ಅದೇ.

"ಇವುಗಳಲ್ಲಿ ಒಂದು ಪಾರ್ಟೇ ಇಲ್ಲ ಸಾರ್. ಆಗಲ್ಲ" ಅಂದೆ. ನನ್ನ ತಪ್ಪಲ್ಲ ಅನ್ನುವ ಧಾಟಿ ಬೇರೆ. ಮೇಷ್ಟ್ರು ಬೈಯಲಿಲ್ಲ. ಉಳಿದ ಮೂರು ಟೈಪ್‌ರೈಟರುಗಳ ಮುಸುಕು ತೆಗೆದು ಒರೆಸತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು. ನನಗೆ ಅಳು ಬಂತು, ಮನೆಗೆ ಬಂದುಬಿಟ್ಟೆ.

ಅಮ್ಮ ಮಗ್ಗದ ಹಿಂದೆ ಕೂತು ಕೆಚ್ಚುತ್ತಿದ್ದಳು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸುರುಳಿ, ಮುಗಿದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದ ಬಿಟ್ಟು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ. ಅದೇ ಕೆಚ್ಚುವುದು. ಹಳೆಯದನ್ನು ಕಿತ್ತುಬಿಟ್ಟರೆ ಒಂದೊಂದು ಎಳೆಯನ್ನೂ ಮತ್ತೆ ಮೊದಲಿಂದ ಪೋಣಿಸಬೇಕು, ದಿನಗಟ್ಟಲೆ ಮಗ್ಗ ನಿಂತುಹೋಗುತ್ತದೆ.

ನಾನು ಗೋಳೆಲ್ಲ ಹೇಳಿಕೊಂಡೆ. ಅಮ್ಮ ಕೈ ನಿಲ್ಲಿಸದೆ ಕೇಳಿದಳು: "ಮೊದ್ಲು ಹಾಕಿದ ಫ್ಲಾಪೀಲಿ ಎದ್ದಿತ್ತು ಅಂದ್ಯಲ್ಲ, ಆಗ ಆ ಪಾರ್ಟ್ ಎಲ್ಲಿತ್ತು?"

"ಆಗ್ಲೂ ಇರ್ಲಿಲ್ಲ" ಅಂದೆ.

"ಹಳೇದನ್ನ ಪೂರ್ತಿ ಕಿತ್ಹಾಕಿ ಕೂತಿದ್ದೀಯ ಕಣೇ. ಗೇಣುದ್ದನಾದ್ರೂ ಬಿಡಬಾರ್ದಾ?"

ಭಾನುವಾರ ಅಂಗಡಿಯ ಬೀಗದ ಕೈ ಇಸಿದುಕೊಂಡು, ಅಮ್ಮನನ್ನೂ ಕರೆದುಕೊಂಡು ಹೋದೆ. ಮಾದರಿ ಫ್ಲಾಪಿಯ ಉತ್ತರಗಳ ಪಟ್ಟಿಯನ್ನೂ ನನ್ನದನ್ನೂ ಪ್ರಿಂಟ್ ತೆಗೆದು ನೆಲದ ಮೇಲೆ ಅಕ್ಕಪಕ್ಕ ಹಾಸಿದೆ. ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮ ಎಳೆ ಹುಡುಕುವಂತೆ ಸಾಲಿಗೆ ಸಾಲು ಬೆರಳಿಟ್ಟು, "ಇದು ಅದ್ರಲ್ಲಿ ಬೇರೆ ಥರ ಇದೆ, ಯಾಕೆ ತೆಗ್ದೆ?" ಅಂತ ಕೇಳುತ್ತಾ ಬಂದಳು. ಪ್ರತಿಯೊಂದಕ್ಕೂ ನಾನು ಕಾರಣ ಹೇಳಬೇಕು. ಹತ್ತನೆಯದೋ ಹನ್ನೊಂದನೆಯದೋ ಸಾಲಿಗೆ ಬಂದಾಗ ನಾನೇ ಬಗ್ಗಿ ಎರಡೂ ಪಟ್ಟಿಗಳನ್ನು ಮತ್ತೆ ಓದಿದೆ. ಅದು ದಶಾಂಶದ ಲೆಕ್ಕದ ಸಾಲು. 486ರಲ್ಲಿ ಆ ಲೆಕ್ಕಕ್ಕೆ ಚಿಪ್ ಒಳಗೇ ಇದೆ. ನಮ್ಮ 386ರಲ್ಲಿ ಇಲ್ಲ, ಚಿಪ್ಪಿನ ಬದಲು ಲೆಕ್ಕ ಮಾಡಿಕೊಡುತ್ತಿದ್ದ ಭಾಗವನ್ನು ಟೈಪಿಂಗಿಗೆ ಬೇಡ ಅಂತ ನಾವೇ ಕಿತ್ತುಹಾಕಿದ್ದೆವು. ನಮ್ಮ ಟೈಪಿಂಗಿಗೆ ಬೇಡದಿದ್ದರೂ ಅದಿಲ್ಲದೆ ಏಳಲು ಲಿನಕ್ಸ್ ಒಪ್ಪಲಿಲ್ಲ. ಅದನ್ನು ಮತ್ತೆ ಸೇರಿಸಿದರೆ ಫ್ಲಾಪಿ ತುಂಬಿ ತುಳುಕಿತು. ನನಗೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಆಟವನ್ನು ನಾಚಿಕೆಯಿಂದ ತೆಗೆದೆ. ಆಗ ಹಿಡಿಯಿತು.

ಸೋಮವಾರ ಬೆಳಗ್ಗೆ ಆರು ಹುಡುಗಿಯರು ದುಪಟ್ಟಾ ಸರಿಮಾಡಿಕೊಳ್ಳುತ್ತಾ ಬಂದು ನಿಂತರು. ಮಾಲೀಕರೂ ಬಾಗಿಲಲ್ಲಿ ಬಂದು ನಿಂತರು. ಮೂರೂ ಕಂಪ್ಯೂಟರುಗಳು ಎದ್ದವು. ಮೊದಲು ಮೇಷ್ಟ್ರೇ ಕೂರಲಿ ಅಂದೆ. ಅವರು ಬೆನ್ನು ನೆಟ್ಟಗೆ ಮಾಡಿ, ಎ ಎಸ್ ಡಿ ಎಫ್ ಅಂತ ತಮ್ಮ ಹಳೇ ಪಾಠದ ಮೊದಲ ಸಾಲನ್ನೇ ಹೊಡೆದರು. ಕಬ್ಬಿಣದ ಕೀಲಿಗಳಿಗೆ ಒಗ್ಗಿದ ಬೆರಳು, ಒತ್ತಿ ಹಿಡಿದುಬಿಟ್ಟರು. ಒಂದು ಎಫ್ ಇರಬೇಕಾದಲ್ಲಿ ಐದು ಎಫ್ ಬಂದವು.

ಅಷ್ಟು ವರ್ಷದಲ್ಲಿ ಮೇಷ್ಟ್ರು ತಪ್ಪು ಹೊಡೆದದ್ದನ್ನು ನಾನು ನೋಡಿರಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದಳು. ಅವರ ಕಿವಿ ಕೆಂಪಾಯಿತು. ನನ್ನ ಕಡೆ ಬಗ್ಗಿ ಮೆಲ್ಲಗೆ, "ಆ ಅಳಿಸೋ ಕೀ ಯಾವುದಮ್ಮ?" ಅಂದರು.

"ತೆಗೆದಿದ್ದೀನಲ್ಲ ಸಾರ್. ನೀವೇ ಹೇಳಿದ್ರಿ."

ಇವರು ಈಗ ಎದ್ದು ಹೋದರೆ ಆ ಹುಡುಗಿಯರೂ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಮೇಷ್ಟ್ರು ಹುಡುಗಿಯರ ಕಡೆ ತಿರುಗಿ, ನಮಗೆಲ್ಲ ಹೇಳುತ್ತಿದ್ದ ಅದೇ ಗಡಸು ದನಿಯಲ್ಲಿ, "ನೋಡ್ಕೊಳ್ರಮ್ಮ. ತಪ್ಪಾಯ್ತು. ಇಲ್ಲಿ ತಪ್ಪಾದ್ರೆ ಹತ್ತು ಸಲ" ಅಂದರು. ತಪ್ಪು ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗೆ ಹತ್ತು ಸಲ ಹೊಡೆದರು. ಬೆರಳು ಹಗುರ ಮಾಡಿಕೊಂಡು, ನಿಧಾನವಾಗಿ, ಒಂದೂ ತಪ್ಪಿಲ್ಲದೆ.

ಆರನೆಯ ಸಾಲಿಗೆ ಬರುವಷ್ಟರಲ್ಲಿ ಕಿಸಕ್ಕೆಂದಿದ್ದ ಹುಡುಗಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಎ ಎಸ್ ಡಿ ಎಫ್ ಶುರು ಮಾಡಿದ್ದಳು. ಬಾಗಿಲ ಕಡೆ ನೋಡಿದೆ. ಮಾಲೀಕರು ಮಗ್ಗದ ಮಾತೆತ್ತದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದರು.