ಕತ್ತರಿಸಿ ಕೊಟ್ಟ ಚೀಟಿ

ಹನ್ನೆರಡು ವರ್ಷಗಳ ಹಿಂದೆ ನಾನು ಉದಗೀರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ ಟೆಕ್ನಿಶಿಯನ್. ಸುಮಿತ್ರಾಬಾಯಿ ಅಂಟಿಸಿದ ರಿಪೋರ್ಟು ಲಗ್ನಪತ್ರಿಕೆಯ ಹಾಗಿರುತ್ತದೆ ಎಂದು ಡಾಕ್ಟರರು ಹತ್ತು ಜನರೆದುರು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು.

ಆಗಿನ ಮಷೀನು ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರಿನಂತೆ ಉದ್ದನೆಯ ಕಾಗದದ ಪಟ್ಟಿ ಬಿಡುತ್ತಿತ್ತು. ಅದರಲ್ಲಿ ಚೆಂದ ಕಾಣುವ ತುಂಡನ್ನು ಕತ್ತರಿಸಿ ಫಾರಮ್ಮಿನ ಚೌಕದಲ್ಲಿ ಅಂಟಿಸಬೇಕು. ಉಳಿದ ತುಂಡುಗಳ ಹಿಂಬದಿಯಲ್ಲಿ ಮತ್ತೆ ಬರಬೇಕಾದ ತಾರೀಖು ಬರೆದು ರೋಗಿಗಳ ಕೈಗೆ ಕೊಡುತ್ತಿದ್ದೆ. ಚೌಕ ಎಲ್ಲರಿಗೂ ಒಂದೇ ಅಳತೆ. ವೇಗದ ಹೃದಯದ ಐದು ಬಡಿತ ಹಿಡಿಸುವ ಜಾಗದಲ್ಲಿ ನಿಧಾನ ಹೃದಯದ್ದು ಎರಡೇ. ಇದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ.

ಕಾಸಾರಶಿರಸಿಯ ಬಟ್ಟೆ ವ್ಯಾಪಾರಿ ಚನ್ನಬಸಪ್ಪನವರು ಹೆಂಡತಿ ಕಲಾವತಿಯೊಂದಿಗೆ ಬಂದರು. ಬಟ್ಟೆ ಅಳೆಯುತ್ತಾ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ನಾಡಿ ಐವತ್ತು.

"ಅಕ್ಕಾ, ಬಿದ್ದಾಗ ನಾ ಅವರ ಕೈ ಹಿಡದಿದ್ದೆ. ನಾಡಿ ನಡುವ ನಿಂತೇ ಬಿಟ್ಟಿತ್ತ್ರೀ," ಎಂದರು ಕಲಾವತಿ.

"ಗಾಬರ್‍ಯಾಗ ಹಂಗ ಅನಸ್ತದರೀ," ಎಂದೆ.

ಪಟ್ಟಿಯಲ್ಲಿ ಒಂದು ಕಡೆ ಗೆರೆ ಸಪಾಟಾಗಿ ಹೋಗಿತ್ತು. ಕೈಗೆ ಹಾಕಿದ ಕ್ಲಿಪ್ಪು ಸಡಿಲಾಗಿರಬೇಕೆಂದು ಅಷ್ಟನ್ನೂ ಕತ್ತರಿಸಿದೆ. ಡಾಕ್ಟರರು ನೋಡಿದ್ದು ಅಂಟಿಸಿದ ಎರಡು ಬಡಿತ ಮಾತ್ರ. ಹೃದಯದ ಮೇಲಿನ ಕೋಣೆಯ ಸಂದೇಶ ಕೆಳಗಿನ ಕೋಣೆಗೆ ಮುಟ್ಟುವ ಸಮಯಕ್ಕೆ ಪಿಆರ್ ಅನ್ನುತ್ತೇವೆ. ಅದು ಪಟ್ಟಿಯ ಮೇಲೆ ಅಚ್ಚಾದ ಐದು ಸಣ್ಣ ಮನೆಗಳೊಳಗಿರಬೇಕು. ಇವರದು ಆರು, ಅಂದರೆ 0.24 ಸೆಕೆಂಡು.

"ವಯಸ್ಸಿಗಿ ನಡೀತದ," ಎಂದು ಡಾಕ್ಟರರು ಶಕ್ತಿಯ ಗುಳಿಗೆ ಬರೆದರು. ಹದಿನೈದು ದಿನ ಬಿಟ್ಟು ಬರಲು ನಾನು ಚೀಟಿ ಕೊಟ್ಟೆ.

ಹದಿನೈದನೆಯ ದಿನ ಕಲಾವತಿ ಒಬ್ಬರೇ ಬಂದರು. ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು.

"ಇವತ್ತ ಬರ್ರಿ ಅಂದಿದ್ರಿ, ಬಂದೀನಿ. ಅವರು ಹೋಗಿ ಒಂಬತ್ತು ದಿನ ಆತು. ಅಂಗಡ್ಯಾಗ ಬಿದ್ದವರು ಏಳಲಿಲ್ಲ. ಅವರ ಎದ್ಯಾಗ ಏನಿತ್ತು, ಅಷ್ಟ ಹೇಳ್ರಿ."

ಅವರು ಮೇಜಿನ ಮೇಲಿಟ್ಟ ಚೀಟಿಯನ್ನು ತಿರುಗಿಸಿದೆ. ನಾನು ಕತ್ತರಿಸಿದ ಗೆರೆ ಅಲ್ಲೇ ಇತ್ತು, ಆದರೆ ಅವತ್ತು ಕಂಡಂತೆ ಸಪಾಟಾಗಿರಲಿಲ್ಲ. ಮೇಲಿನ ಕೋಣೆಯ ಎರಡು ಸಣ್ಣ ಉಬ್ಬುಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು. ಕೆಳಗಿನ ಕೋಣೆ ಎರಡಕ್ಕೂ ಓಗೊಟ್ಟಿರಲಿಲ್ಲ. ಅಳೆದೆ. ಬಡಿತದಿಂದ ಬಡಿತಕ್ಕೆ ಒಂಬತ್ತು ಸೆಂಟಿಮೀಟರ್, ಮೂರೂವರೆ ಸೆಕೆಂಡಿಗೂ ಮಿಕ್ಕಿ. ಹಾರ್ಟ್ ಬ್ಲಾಕ್, ಅಂದರೆ ಸಂದೇಶ ನಡುದಾರಿಯಲ್ಲೇ ತಡೆದು ನಿಲ್ಲುವುದು. ಅವತ್ತೇ ಲಾತೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಪೇಸ್‌ಮೇಕರ್ ಹಾಕಿಸಬೇಕಾಗಿದ್ದ ಮನುಷ್ಯ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಒಳಗೆ ಹೋಗಿ ತೋರಿಸಿದೆ. ಡಾಕ್ಟರರು ದನಿ ತಗ್ಗಿಸಿ, "ಹರದ ಒಗಿ," ಎಂದರು.

ಹರಿಯಲಿಲ್ಲ. ಹೊರಗೆ ಬಂದು ಕಲಾವತಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ.

"ನಾ ಅವತ್ತೇ ಹೇಳಿದ್ನಲ್ರೀ ಅಕ್ಕಾ," ಎಂದರು. ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ಹೃದಯ ನಿಧಾನವಾದಷ್ಟೂ ಪಟ್ಟಿ ಉದ್ದವಿರಬೇಕು ಎಂದು ಈಗ ಹೊಸಬರಿಗೆ ಕಲಿಸುತ್ತೇನೆ. ಈಗಿನ ಮಷೀನು ದೊಡ್ಡ ಹಾಳೆಯನ್ನೇ ಕೊಡುತ್ತದೆ, ಕತ್ತರಿಯ ಕೆಲಸವಿಲ್ಲ. ಆದರೂ ಎಚ್ಚರ ತಪ್ಪಿ ಬಿದ್ದವರು ಬಂದರೆ ಮೊದಲು ಅವರ ಕೈ ಹಿಡಿದು ಒಂದು ಪೂರ್ತಿ ನಿಮಿಷ ನಾಡಿ ನೋಡುತ್ತೇನೆ. ಕಲಾವತಿ ಮಾಡಿದ್ದೂ ಅಷ್ಟೇ. ನಾನು ಕೇಳಿಸಿಕೊಳ್ಳಲಿಲ್ಲ.